ಚಹಾದೊಳಗಿನ ಹನಿ: ಬಲವಂತದ ಮನೋಚಿಕಿತ್ಸೆಯ ಒಂದು ಪ್ರಕರಣ

ಬನಹಟ್ಟಿಯ ಈ ನೇಕಾರನನ್ನು ಎರಡು ಸಲ, ಆತ ಒಲ್ಲೆ ಅಂದರೂ, ಮಾನಸಿಕ ಚಿಕಿತ್ಸೆಗೆ ಸೇರಿಸಿದ್ದಾರೆ. ಮೊದಲ ಸಲ 2016ರ ಬೇಸಿಗೆಯಲ್ಲಿ, ಇನ್ನೊಂದು ಸಲ 2023ರ ಜನವರಿಯಲ್ಲಿ. ರೋಗ ಒಂದೇ, ಸ್ಕಿಜೋಫ್ರೇನಿಯಾ: ಇಲ್ಲದ ದನಿ ಕೇಳಿಸುವ, ಇಲ್ಲದ ಸಂಶಯ ಗಟ್ಟಿಯಾಗಿ ಕೂರುವ ಮನೋರೋಗ. ಎರಡೂ ಸಲ ಕೈಕಾಲು ಹಿಡಿದರು, ಎರಡೂ ಸಲ ಸೂಜಿ ಮಾಡಿದರು, ಎರಡೂ ಸಲ ಬಾಗಿಲಿಗೆ ಬೀಗವಿದ್ದ ವಾರ್ಡು. ಮೊದಲನೆಯದನ್ನು ಆತ ಇವತ್ತಿಗೂ ಕ್ಷಮಿಸಿಲ್ಲ. ಎರಡನೆಯದರ ಬಗ್ಗೆ ಕೇಳಿದರೆ "ಅದು ಆಗಬೇಕಿತ್ತು ಬಿಡ್ರಿ" ಅನ್ನುತ್ತಾನೆ. ಒಬ್ಬನೇ ಮನುಷ್ಯ, ಒಂದೇ ರೋಗ, ಹೆಚ್ಚುಕಡಿಮೆ ಒಂದೇ ಬಗೆಯ ಬಲವಂತ. ನೆನಪು ಮಾತ್ರ ಇಷ್ಟು ಬೇರೆಯಾದದ್ದು ಹೇಗೆ ಎಂದು ನೋಡಲು ಈ ಪ್ರಕರಣ ಬರೆದಿದ್ದೇನೆ.

ನಾನು ಈ ಭಾಗದಲ್ಲಿ ಮಾನಸಿಕ ರೋಗಿಗಳ ಮನೆಗಳಿಗೆ ಹೋಗಿಬರುವ ಸಮಾಜ ಕಾರ್ಯಕರ್ತೆ. ಆತನ ಪರಿಚಯ ಆದದ್ದು ಎರಡನೇ ಸಲ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ. ಆತ, ತಾಯಿ, ಅಣ್ಣ, ಸೋದರಮಾವ ನಾಲ್ವರೂ ಬೇರೆ ಬೇರೆ ಕೂತು ಮಾತಾಡಿದ್ದಾರೆ. ಆತ ಒಪ್ಪಿದ ಮೇಲೆಯೇ ಬರೆದಿದ್ದೇನೆ. ಗುರುತು ಹತ್ತಬಾರದೆಂದು ಕೆಲವು ವಿವರ ಬದಲಿಸಿದೆ, ಯಾರ ಹೆಸರನ್ನೂ, ಯಾವ ಆಸ್ಪತ್ರೆಯ ಹೆಸರನ್ನೂ ಹಾಕಿಲ್ಲ.

ಮಗ್ಗದ ಸಪ್ಪಳದಾಗ

ರಬಕವಿ-ಬನಹಟ್ಟಿಯಲ್ಲಿ ಪಾವರ್‌ಲೂಮ್ ಸಪ್ಪಳವಿಲ್ಲದ ಓಣಿ ಹುಡುಕುವುದು ಕಷ್ಟ. ಆತನಿಗೆ ಆಗ 24 ವರ್ಷ, ರಾತ್ರಿ ಪಾಳಿ. ಲಾಳಿ ಆ ಕಡೆ ಈ ಕಡೆ ಬಡಿಯುವ ಸಪ್ಪಳದ ನಡುವೆ ಮೊದಲು ತನ್ನ ಹೆಸರು ಕೇಳಿಸಿತಂತೆ. ಆಮೇಲೆ ಬೈಗುಳ, ಆಮೇಲೆ ಮಾಲಕರೂ ಸೀರೆ ವ್ಯಾಪಾರಿಯೊಬ್ಬನೂ ತನ್ನ ಬಗ್ಗೆ ಮಾತಾಡಿಕೊಳ್ಳುವುದು. ಒಂದು ರಾತ್ರಿ ಕರೆಂಟ್ ಹೋಗಿ ಶೆಡ್ಡಿನ ಮಗ್ಗಗಳೆಲ್ಲ ಒಮ್ಮೆಗೇ ನಿಂತವು. ದನಿ ನಿಲ್ಲಲಿಲ್ಲ. "ಅವತ್ತ ನನಗ ಖರೇ ಅಂಜಿಕಿ ಬಂತು," ಅಂದ.

ಆತ ಮಾಡಿದ ಮೊದಲ ಕೆಲಸ ಒಂದು ನೋಟ್‌ಬುಕ್ ತಂದದ್ದು. ಯಾವ ದಿನ, ಎಷ್ಟು ಗಂಟೆಗೆ, ಯಾರ ದನಿ, ಏನು ಅಂದರು, ಎಲ್ಲ ಬರೆದಿಟ್ಟ. ಪೊಲೀಸರಿಗೆ ಕೊಡಲು ಸಾಕ್ಷಿ ಬೇಕಲ್ಲ. ರೋಗವೆಂದು ಒಪ್ಪದ ಮನುಷ್ಯ ತನಗೆ ತಿಳಿದಷ್ಟರಲ್ಲಿ ಮಾಡಬಹುದಾದ ಅತ್ಯಂತ ಶಿಸ್ತಿನ ಕೆಲಸ ಅದು. ಈ ನೋಟ್‌ಬುಕ್ಕಿನ ಮಾತು ಮುಂದೆ ಮತ್ತೆ ಬರುತ್ತದೆ.

ಮನೆಯವರು ಗಾಳಿ ಹಿಡಿದಿದೆಯೆಂದು ತಾಯತ ಕಟ್ಟಿಸಿದರು, ಎರಡು ಅಮಾವಾಸ್ಯೆ ಬೇರೆ ಬೇರೆ ಗುಡಿಗೆ ಹೋದರು, ನಡುವೆ ಮನೋವೈದ್ಯರನ್ನೂ ಕಂಡರು. ದೇವರಿಗೂ ಡಾಕ್ಟರಿಗೂ ಜಗಳ ಇರುವುದು ನಮ್ಮ ಕಡೆ ಭಾಷಣಗಳಲ್ಲಿ ಮಾತ್ರ. ಮನೆಗಳಲ್ಲಿ ಎರಡೂ ಒಟ್ಟೊಟ್ಟಿಗೇ ನಡೆಯುತ್ತವೆ. ಆತ ಗುಳಿಗೆ ಮುಟ್ಟಲಿಲ್ಲ. ಆಗ ಯಾರೋ ಹೇಳಿದರು: ಹನಿ ಔಷಧಿ ಬರುತ್ತದೆ, ಬಣ್ಣವಿಲ್ಲ, ರುಚಿಯಿಲ್ಲ, ಚಹಾದಲ್ಲಿ ಹಾಕಿ ಕೊಡಿ.

ತಾಯಿ ಹಾಕಿದಳು. ಮುಂಜಾನೆ, ಸಂಜೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಈ ಹೊತ್ತಿಗೆ ಆತನ ತಲೆಯಲ್ಲಿದ್ದ ಮುಖ್ಯ ಸಂಶಯ, ಮಾಲಕರು ತನ್ನ ಊಟದಲ್ಲಿ ವಿಷ ಹಾಕಿಸುತ್ತಿದ್ದಾರೆ ಎಂಬುದು. ಚಹಾ ಕುಡಿದ ಮೇಲೆ ನಾಲಿಗೆ ದಪ್ಪ, ಮೈ ಭಾರ, ಕೂತಲ್ಲಿ ಕೂರಲಾಗದ ತಳಮಳ. ಒಂದು ದಿನ ಜೋಳದ ಡಬ್ಬಿಯ ಹಿಂದೆ ಸಣ್ಣ ಬಾಟಲಿ ಸಿಕ್ಕಿತು. ತನ್ನ ಊಟದಲ್ಲಿ ಏನೋ ಬೆರೆಸುತ್ತಿದ್ದಾರೆ ಎಂಬ ಆತನ ಮಾತು ಅಷ್ಟರಮಟ್ಟಿಗೆ ಅಕ್ಷರಶಃ ನಿಜವಾಗಿತ್ತು. ಭ್ರಮೆಯನ್ನು ಕರಗಿಸಲು ತಂದ ಔಷಧಿಯೇ ಭ್ರಮೆಗೆ ಸಾಕ್ಷಿಯಾಗಿ ನಿಂತಿತು. ಅಲ್ಲಿಂದ ಆತ ತಾಯಿಯ ಕೈಯ ಊಟ ಬಿಟ್ಟ, ನೀರನ್ನೂ ಓಣಿಯ ನಲ್ಲಿಯಲ್ಲೇ ಹಿಡಿದು ಕುಡಿದ.

"ನನ್ನ ಹೊಟ್ಟ್ಯಾಗಿನ ಕೂಸಿಗೆ ನಾ ವಿಷಾ ಹಾಕ್ತೀನೇನ್ರಿ?" ಅಂತ ತಾಯಿ ನನ್ನ ಮುಂದೆ ಅತ್ತಳು. ಹಾಗೆ ಔಷಧಿ ಕೊಡುವ ಸಾವಿರಾರು ತಾಯಂದಿರಿದ್ದಾರೆ; ಕೆಲವು ಮನೆಗಳಲ್ಲಿ ಅದರಿಂದ ಒಂದು ಕೆಟ್ಟ ವಾರ ದಾಟಿರುವುದೂ ಉಂಟು. ಆದರೆ ವಿಷದ ಸಂಶಯ ಇರುವ ರೋಗಿಗೆ ಈ ದಾರಿ ಹಿಡಿಯಬಾರದು ಎಂದು ನಾನು ಈಗ ಎಲ್ಲ ಮನೆಗಳಲ್ಲೂ ಖಂಡಿತವಾಗಿ ಹೇಳುತ್ತೇನೆ. ಸಿಕ್ಕಿಬಿದ್ದ ದಿನ ಕಳೆದುಕೊಳ್ಳುವುದು ಒಂದು ಬಾಟಲಿ ಔಷಧಿಯನ್ನಲ್ಲ.

ಲೋಕಾಪುರದ ತಿರುವು

2016ರ ಏಪ್ರಿಲ್‌ನಲ್ಲಿ ಅಣ್ಣ ಹೇಳಿದ: "ನಡಿ ತಮ್ಮಾ, ಬಾಗಲಕೋಟಿಗೆ ಹೋಗಿ ಎಸ್.ಪಿ. ಆಫೀಸಿನ್ಯಾಗ ಕಂಪ್ಲೇಂಟ್ ಕೊಡೂಣು. ನಿನ್ನ ನೋಟ್‌ಬುಕ್ ತಗೋ." ಆತ ಸ್ನಾನ ಮಾಡಿದ, ಇಸ್ತ್ರಿ ಅಂಗಿ ಹಾಕಿದ, ನೋಟ್‌ಬುಕ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡ. ಬಹಳ ದಿನಗಳ ಮೇಲೆ ಯಾರೋ ತನ್ನ ಮಾತು ನಂಬಿದ್ದರು.

ಬಾಡಿಗೆ ಗಾಡಿ ಮಹಾಲಿಂಗಪುರ, ಮುಧೋಳ ದಾಟಿ ಲೋಕಾಪುರಕ್ಕೆ ಬಂತು. ಬಾಗಲಕೋಟೆಗಾದರೆ ಅಲ್ಲಿಂದ ಕಲಾದಗಿ ದಾರಿ. ಗಾಡಿ ಯರಗಟ್ಟಿ ದಾರಿ ಹಿಡಿಯಿತು. ಆತನಿಗೆ ಅಲ್ಲೇ ತಿಳಿಯಿತು. ಬಾಗಿಲು ತೆಗೆಯಲು ಹೋದ. ಅಣ್ಣನೂ ಜೊತೆಗೆ ಕರೆತಂದ ಇಬ್ಬರು ಗೆಳೆಯರೂ ಹಿಡಿದರು. ಕೈಗಳನ್ನು ಟವೆಲ್ಲಿನಲ್ಲಿ ಕಟ್ಟಿದ್ದು ಅಣ್ಣ. "ಹೊಡದಾಡಿಲ್ಲ, ಬಿಡಿಸ್ಕೊಳ್ಳಾಕ ನೋಡ್ದೆ. ಹಿಂಗs ಬರೀರಿ," ಎಂದು ಆತ ನನಗೆ ಎರಡು ಸಲ ಹೇಳಿದ್ದಾನೆ.

ಸೇರಿಸಿದ್ದು ದೊಡ್ಡ ಊರಿನ ಒಂದು ಖಾಸಗಿ ಆಸ್ಪತ್ರೆಗೆ. ಆಗ ಜಾರಿಯಲ್ಲಿದ್ದದ್ದು 1987ರ ಮಾನಸಿಕ ಆರೋಗ್ಯ ಕಾಯ್ದೆ. ಸ್ವತಃ ಒಪ್ಪಿಗೆ ಕೊಡದ ಅಥವಾ ಕೊಡಲಾಗದ ರೋಗಿಯನ್ನು, ಸಂಬಂಧಿಕರ ಅರ್ಜಿ ಮತ್ತು ಇಬ್ಬರು ವೈದ್ಯರ ಪ್ರಮಾಣಪತ್ರದ ಮೇಲೆ 90 ದಿನಗಳವರೆಗೆ ಒಳಗಿಡಲು ಅದರಲ್ಲಿ ಅವಕಾಶವಿತ್ತು. ಅಣ್ಣ ಸಹಿ ಮಾಡಿದ. ಕಾಗದದ ಪ್ರಕಾರ ಎಲ್ಲ ಸರಿಯಾಗಿಯೇ ಇತ್ತು.

ಒಳಗೆ ನಡೆದದ್ದರಲ್ಲಿ ಆತ ಹೆಚ್ಚು ಹೇಳುವುದು ಎರಡನೇ ರಾತ್ರಿಯ ಮಾತು. ಹ್ಯಾಲೊಪೆರಿಡಾಲ್ ಎಂಬ ಮನೋರೋಗದ ಔಷಧಿಯ ಸೂಜಿಯಾದ ಮೇಲೆ ಕುತ್ತಿಗೆ ತಾನಾಗಿ ಒಂದು ಕಡೆ ತಿರುಚಿಕೊಂಡಿತು, ದವಡೆ ಬಿಗಿಯಿತು, ಕಣ್ಣು ಮೇಲಕ್ಕೆ ಹೋಗಿ ಅಲ್ಲೇ ನಿಂತಿತು. ಸಾಯುತ್ತಿದ್ದೇನೆ ಅಂದುಕೊಂಡ. ಕೂಗಲು ಬಾಯಿ ಬರಲಿಲ್ಲ. ಪಕ್ಕದ ಹಾಸಿಗೆಯವನು ಬಾಗಿಲು ಬಡಿದು ಕರೆದ ಮೇಲೆ ಬೇರೊಂದು ಸೂಜಿ ಕೊಟ್ಟರು. ಸ್ವಲ್ಪ ಹೊತ್ತಿನಲ್ಲಿ ಇಳಿಯಿತು. ವೈದ್ಯರಿಗೆ ಇದು ಪರಿಚಿತ ಅಡ್ಡಪರಿಣಾಮ. ಹರೆಯದ ಗಂಡಸರಲ್ಲಿ ಹೆಚ್ಚು, ಮದ್ದೂ ಸುಲಭ. ಹ್ಯಾಲೊಪೆರಿಡಾಲ್ ಒಂದನ್ನೇ ಕೊಡುವುದಕ್ಕಿಂತ ಪ್ರೊಮೆಥಾಜಿನ್ ಎಂಬ ಇನ್ನೊಂದು ಔಷಧಿಯ ಜೊತೆ ಕೊಟ್ಟರೆ ಇದು ಬಹಳ ಕಡಿಮೆ ಎಂದು ರಿಯೊ ಡಿ ಜನೈರೊದಲ್ಲಿ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತ್ತು. ಆದರೆ ಆತನ ದೂರು ಸೂಜಿಯ ಆಯ್ಕೆಯ ಮೇಲಲ್ಲ. "ಹಿಂಗ ಆಗಬಹುದು, ಆದ್ರ ಕರೀ, ಇಳಸ್ತೀವಿ ಅಂತ ಒಬ್ಬರರೆ ಮೊದಲs ಹೇಳಿದ್ರ ನಾ ಅಷ್ಟ ಅಂಜತಿದ್ದಿಲ್ಲ." ಆಮೇಲೂ ಹೇಳಲಿಲ್ಲ. ವಿಷವೇ ಎಂದು ನಂಬಿದ್ದವನಿಗೆ ವಿಷವೇರಿದಂತೆಯೇ ಮೈ ತಿರುಚಿಕೊಂಡಿತ್ತು.

ದಿನಾ ಗುಳಿಗೆ ನುಂಗಿದ ಮೇಲೆ ಬಾಯಿ ತೆರೆಸಿ ನಾಲಿಗೆಯಡಿ ನೋಡುತ್ತಿದ್ದರು. ಮೂರನೇ ವಾರ ದನಿಗಳು ಕಡಿಮೆಯಾದವು. ಅದನ್ನು ಆತ ಯಾರಿಗೂ ಹೇಳಲಿಲ್ಲ. ಹೇಳಿದರೆ ಅವರು ಗೆದ್ದಂತೆ ಆಗುತ್ತಿತ್ತು.

ಬಿಡುಗಡೆಯ ದಿನ ಅಂಗಿ, ಚಪ್ಪಲಿ, ಪಾಕೀಟು ವಾಪಸ್ ಬಂದವು. ನೋಟ್‌ಬುಕ್ ಬರಲಿಲ್ಲ. ಅದನ್ನು ದಾಖಲಾದ ದಿನವೇ ಅಣ್ಣ ಒಯ್ದು ಮನೆಯ ಒಲೆಗೆ ಹಾಕಿದ್ದ, ಪೀಡೆ ಹೋಗಲಿ ಅಂತ. ಚೇತರಿಸಿಕೊಂಡ ಮೇಲೆ ಅದರಲ್ಲಿದ್ದುದು ರೋಗದ ಮಾತು ಎಂದು ಆತನೇ ಒಪ್ಪುತ್ತಾನೆ. ಆದರೂ ಸುಟ್ಟದ್ದನ್ನು ಒಪ್ಪುವುದಿಲ್ಲ. "ಅದು ನನ್ನದು. ನಾ ಸುಡಬೇಕಿತ್ತು."

ಅಣ್ಣನ ಮಾತು

ಅಣ್ಣನನ್ನು ಈ ಕಥೆಯ ಖಳನನ್ನಾಗಿ ಮಾಡುವುದು ಬಹಳ ಸುಲಭ, ಬಹಳ ಅನ್ಯಾಯ. ತಂದೆ ಸತ್ತಾಗ ಅವನಿಗೆ 19. ಮಗ್ಗದ ಮಾಲಕರಲ್ಲಿ ಮುಂಗಡ ಎತ್ತಿ ತಂಗಿಯ ಮದುವೆ ಮಾಡಿದವನು. ಆಸ್ಪತ್ರೆಯ ಬಿಲ್ಲಿಗೆ ಮತ್ತೆ ಅದೇ ಮಾಲಕರ ಹತ್ತಿರ ಹೋದವನು.

"ನಾವೇನ್ ಮಾಡಬೇಕಿತ್ತು ಹೇಳ್ರಿ. ರಾತ್ರಿ ಅಂವಾ ಮಾಲಕರ ಮನಿ ಮುಂದ ಹೋಗಿ ನಿಂದರಾವ. ಓಣ್ಯಾಗಿನವರು, ಇವತ್ತ ಕಟ್ಟಿ ಹಾಕ್ರಿ, ಇಲ್ಲಂದ್ರ ನಾವs ಹೊಡೀತೀವಿ ಅಂದ್ರು. ಖರೇ ಹೇಳಿದ್ರ ಬರತಿದ್ದನೇನು? ಪೊಲೀಸರು ಬರಾಂಗಿಲ್ಲ, ಡಾಕ್ಟರು ಮನಿಗೆ ಬರಾಂಗಿಲ್ಲ. ಗಾಡಿ ಬಾಡಿಗಿ, ಆಳು, ಸುಳ್ಳು, ಎಲ್ಲಾ ನಾವs ಹೊಂದಿಸಬೇಕು. ಈಗ ಸುಳ್ಳು ಹೇಳಿದ್ದು ತಪ್ಪು ಅಂತ ಹೇಳಾಕ ಎಲ್ಲಾರೂ ಬರ್ತಾರ."

ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರವಿಲ್ಲ. ಬಲವಂತದ ಚಿಕಿತ್ಸೆ ಅಂದಾಗ ನಾವು ಆಸ್ಪತ್ರೆಯ ಬಾಗಿಲಿನಿಂದ ಲೆಕ್ಕ ಶುರು ಮಾಡುತ್ತೇವೆ. ನಮ್ಮ ಕಡೆ ಬಲವಂತ ಮನೆಯ ಅಂಗಳದಲ್ಲೇ ಮುಗಿದಿರುತ್ತದೆ, ಅದನ್ನು ಮಾಡಿದವರು ಸಂಬಳದ ಸಿಬ್ಬಂದಿಯಲ್ಲ, ಒಡಹುಟ್ಟಿದವರು. ಬಿಡುಗಡೆಯ ನಂತರ ರೋಗಿ ಮರಳುವುದೂ ಅವರ ನಡುವೆಯೇ.

ಆತ ಹಾಗೆ ಮರಳಲಿಲ್ಲ. ಕೆಲವೇ ತಿಂಗಳಿಗೆ ಇಚಲಕರಂಜಿಗೆ ಹೋದ, ಅಲ್ಲಿಯೂ ಪಾವರ್‌ಲೂಮೇ. ಊರಲ್ಲಿ ಗೆಳೆಯರು "ಧಾರವಾಡಕ್ಕ ಹೋಗಿ ಬಂದಾನ" ಎಂದು ನಗುತ್ತಿದ್ದರು. ಆತ ಧಾರವಾಡದ ಮಾನಸಿಕ ಆಸ್ಪತ್ರೆಯ ಮುಖವನ್ನೂ ನೋಡಿರಲಿಲ್ಲ, ಆದರೆ ನಮ್ಮ ಕಡೆ ಆ ಬೈಗುಳಕ್ಕೆ ವಿಳಾಸ ಅದೊಂದೇ. ತಾನೇ ಅಡುಗೆ, ತಾನೇ ಚಹಾ. ಗುಳಿಗೆಯನ್ನು ಒಂದಷ್ಟು ದಿನ ತಗೊಂಡ, ಬಿಟ್ಟ. ಹಬ್ಬಕ್ಕೆ ಬಂದರೂ ಮನೆಯಲ್ಲಿ ಉಣ್ಣುತ್ತಿರಲಿಲ್ಲ. 2020ರ ಲಾಕ್‌ಡೌನಿನಲ್ಲಿ ಮಗ್ಗ ನಿಂತಾಗ ಬೇರೆ ದಾರಿಯಿಲ್ಲದೆ ಬನಹಟ್ಟಿಗೆ ಬಂದ.

2023

2022ರ ದೀಪಾವಳಿ ದಾಟುತ್ತಿದ್ದಂತೆ ನಿದ್ದೆ ಹೋಯಿತು, ದನಿಗಳು ಬಂದವು. ಡಿಸೆಂಬರ್ ಕೊನೆಗೆ ಊಟ ನಿಂತಿತು. ಒಂದು ರಾತ್ರಿ ಮಾಳಿಗೆಯ ಅಂಚಿನಲ್ಲಿ ನಿಂತು, ಹತ್ತಿರ ಬಂದ ಅಣ್ಣನ ಮೇಲೆ ಕಟ್ಟಿಗೆ ಎತ್ತಿದ.

ತಂಗಿ 14416ಕ್ಕೆ ಫೋನ್ ಮಾಡಿದಳು. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ-ಮಾನಸ್; 2022ರ ಅಕ್ಟೋಬರ್‌ನಲ್ಲಷ್ಟೇ ಶುರುವಾಗಿತ್ತು. ಕನ್ನಡದಲ್ಲಿ ಮಾತಾಡಿದರು, ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ ಅಂದರು. ಒಯ್ಯುವುದು ಹೇಗೆ ಎಂಬುದು ಮಾತ್ರ 2016ರಲ್ಲಿ ಎಲ್ಲಿತ್ತೋ ಅಲ್ಲೇ ಇತ್ತು.

ಈ ಸಲ ತಾಯಿ ತನ್ನ ತಮ್ಮನನ್ನು ತೇರದಾಳದಿಂದ ಕರೆಸಿದಳು. ಸೋದರಮಾವನೂ ನೇಕಾರ, ಹೆಚ್ಚು ಮಾತಿನವನಲ್ಲ. ಮಾಳಿಗೆ ಹತ್ತಿ ಹತ್ತಿರ ಕೂತು ಹೇಳಿದ ಮಾತನ್ನು ಮಾವನೂ ಆತನೂ ಒಂದೇ ತರಹ ಒಪ್ಪಿಸಿದರು: "ನಿನ್ನ ದವಾಖಾನಿಗೆ ಒಯ್ಯಾಕ ಬಂದೀನಿ. ನೀ ಬ್ಯಾಡ ಅಂತಿ, ಗೊತ್ತೈತಿ. ಆದ್ರೂ ಇವತ್ತ ಹೋಗೂದs. ಹಿಡದು ಒಯ್ಯೂದಾತಂದ್ರ ನಾನs ಹಿಡೀತೀನಿ, ನಿಮ್ಮಣ್ಣ ಅಲ್ಲ. ನಾ ಅಲ್ಲೇ ಇರ್ತೀನಿ."

ಇಷ್ಟಕ್ಕೆ ಆತ ಎದ್ದು ಬಂದ ಅಂತ ಬರೆದರೆ ಓದಲು ಚಂದ. ಬರಲಿಲ್ಲ. ಉಗುಳಿದ, ಒದ್ದ, ಮೆಟ್ಟಿಲ ಕಂಬಿ ಬಿಡಲಿಲ್ಲ. ಮಾವನೂ ಇನ್ನಿಬ್ಬರೂ ಎತ್ತಿಯೇ ಗಾಡಿಗೆ ಹಾಕಿದರು. ದಾರಿಯುದ್ದಕ್ಕೂ ಬೈದ. ಗಾಡಿ ಮಾತ್ರ ಹೇಳಿದ ಊರಿಗೇ ಹೋಯಿತು.

ಕಾನೂನು ಅಷ್ಟರಲ್ಲಿ ಬದಲಾಗಿತ್ತು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ 2018ರಲ್ಲಿ ಜಾರಿಗೆ ಬಂದಿದೆ. ಅದರ 89ನೇ ಕಲಂ ಪ್ರಕಾರ ಒಪ್ಪದ ರೋಗಿಯನ್ನು ಸೇರಿಸಲು ಒಬ್ಬ ಮನೋವೈದ್ಯರೂ ಇನ್ನೊಬ್ಬ ಮನೋಆರೋಗ್ಯ ವೃತ್ತಿಪರರು ಅಥವಾ ವೈದ್ಯರೂ ಪ್ರತ್ಯೇಕವಾಗಿ ಪರೀಕ್ಷಿಸಬೇಕು. ರೋಗವಿದೆ ಎಂಬುದಷ್ಟೇ ಸಾಲದು: ತನಗೆ ಅಪಾಯ, ಬೇರೆಯವರಿಗೆ ಅಪಾಯ, ಅಥವಾ ತನ್ನನ್ನು ತಾನು ನೋಡಿಕೊಳ್ಳಲಾಗದೆ ಹಾನಿಯಾಗುವ ಸ್ಥಿತಿ, ಇವುಗಳಲ್ಲಿ ಒಂದಾದರೂ ಕಾಣಬೇಕು. ಮೊದಲ ಅವಧಿ ಹೆಚ್ಚೆಂದರೆ 30 ದಿನ. ಪುರುಷ ರೋಗಿಯಾದರೆ 7 ದಿನದೊಳಗೆ, ಮಹಿಳೆ ಅಥವಾ ಅಪ್ರಾಪ್ತರಾದರೆ 3 ದಿನದೊಳಗೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ತಿಳಿಸಬೇಕು. ರೋಗಿ ಬೇಡವೆಂದರೆ ಅದೇ ಮಂಡಳಿಗೆ ಅರ್ಜಿ ಕೊಡಬಹುದು. ಮಂಡಳಿ 7 ದಿನದೊಳಗೆ ತೀರ್ಮಾನಿಸಬೇಕು.

ಇವನ್ನೆಲ್ಲ ಆಸ್ಪತ್ರೆ ಪಾಲಿಸಿತ್ತು, ಒಂದನ್ನು ಬಿಟ್ಟು. ಮಂಡಳಿ ಎಂಬುದೊಂದಿದೆ, ಅಲ್ಲಿಗೆ ನೀನು ಬರೆಯಬಹುದು ಎಂದು ರೋಗಿಗೆ ಯಾರೂ ಹೇಳಿರಲಿಲ್ಲ. ಮನೆಗೆ ಬಂದ ಮೇಲೆ ನನ್ನಿಂದ ಕೇಳಿ ಆತ ನಕ್ಕ: "ಮನಿಗೆ ಬಂದ ಮ್ಯಾಲ ಹೇಳಾಕತ್ತೀರಲ್ರಿ." ಬರೆಯುತ್ತಿದ್ದೆಯಾ ಎಂದು ಕೇಳಿದೆ. ಮೊದಲ ವಾರವಾದರೆ ಖಂಡಿತ ಬರೆಯುತ್ತಿದ್ದನಂತೆ. ಮಂಡಳಿ ಬಿಡುತ್ತಿತ್ತೋ ಇಲ್ಲವೋ ಬೇರೆ ಮಾತು. ಬರೆಯಲು ಒಂದು ವಿಳಾಸ ಇದ್ದಿದ್ದರೆ ಆ ವಾರ ಬೇರೆ ಇರುತ್ತಿತ್ತು.

ಮೊದಲ ರಾತ್ರಿ ಕೈಗಳನ್ನು ಮಂಚಕ್ಕೆ ಬಟ್ಟೆಯ ಪಟ್ಟಿಯಿಂದ ಕಟ್ಟಿದರು. ಸರಪಳಿ ಕಟ್ಟುವುದನ್ನು ಹೊಸ ಕಾಯ್ದೆ ಪೂರ್ತಿ ನಿಷೇಧಿಸಿದೆ. ತಮಿಳುನಾಡಿನ ಏರವಾಡಿಯಲ್ಲಿ 2001ರ ಆಗಸ್ಟ್‌ನಲ್ಲಿ ಸರಪಳಿಯಲ್ಲಿದ್ದ 28 ಮಂದಿ ಬೆಂಕಿಯಲ್ಲಿ ಸುಟ್ಟುಹೋದ ಮೇಲೂ ಅಷ್ಟು ಬರೆಯಲು ನಮಗೆ 16 ವರ್ಷ ಬೇಕಾಯಿತು. ಬಟ್ಟೆಯಿಂದ ಕಟ್ಟುವುದಕ್ಕೂ ಷರತ್ತುಗಳಿವೆ: ಎದುರಿಗೇ ನಿಂತ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಿರಬೇಕು, ಮನೋವೈದ್ಯರ ಅನುಮತಿ ಇರಬೇಕು, ಶಿಕ್ಷೆಯೆಂದು ಕಟ್ಟಬಾರದು, ಸಿಬ್ಬಂದಿ ಸಾಲದು ಎಂಬ ಕಾರಣಕ್ಕೂ ಕಟ್ಟಬಾರದು. ಕೊನೆಯ ಷರತ್ತು ಓದಿದಾಗ, ಕಾಯ್ದೆ ಬರೆದವರು ಒಂದಾದರೂ ರಾತ್ರಿ ವಾರ್ಡಿನಲ್ಲಿ ಕಳೆದಿದ್ದಾರೆ ಅನ್ನಿಸುತ್ತದೆ.

ಆತನಿಗೆ ನೆನಪಿರುವುದು ಕಲಂಗಳಲ್ಲ, ಒಬ್ಬ ಸಿಸ್ಟರ್. ಕಟ್ಟುವ ಮೊದಲು ಎದುರಿಗೆ ನಿಂತು, ಯಾಕೆ ಕಟ್ಟುತ್ತಿದ್ದೇವೆ, ಎಷ್ಟು ಹೊತ್ತಿಗೊಮ್ಮೆ ಬಂದು ನೋಡುತ್ತೇನೆ, ಯಾವಾಗ ಬಿಚ್ಚುತ್ತೇವೆ ಎಂದು ಹೇಳಿದಳು. ಸೂಜಿಯ ಹೆಸರು ಹೇಳಿದಳು. ಹಿಂದೆ ಯಾವುದರಿಂದಾದರೂ ತ್ರಾಸಾಗಿತ್ತೇ ಎಂದು ಕೇಳಿದಳು. ಆತ ಕುತ್ತಿಗೆ ತಿರುಚಿದ್ದನ್ನು ಹೇಳಿದ; ಡಾಕ್ಟರನ್ನು ಕೇಳಿ ಸೂಜಿ ಬದಲಿಸಿದರು. ಏಳು ವರ್ಷದಿಂದ ಯಾರೂ ಕೇಳದ ಪ್ರಶ್ನೆ ಅದು. ಹೇಳಿದ ಹೊತ್ತಿಗೆ ಬಂದು ಕೈ ಬಿಚ್ಚಿದಳು. ಬೆಳಿಗ್ಗೆ ಮಾವ ಹೊರಗಿನ ಬೆಂಚಿನ ಮೇಲೇ ಇದ್ದ.

ಬಲ ಮತ್ತು ಸುಳ್ಳು

ಬಲವಂತವಾಗಿ ದಾಖಲಾದವರು ಆಮೇಲೆ ಏನನ್ನುತ್ತಾರೆ ಎಂಬುದರ ಮೇಲೆ ಇಂಗ್ಲೆಂಡಿನ ಒಂದು ದೊಡ್ಡ ಅಧ್ಯಯನ 2009ರಲ್ಲಿ ಪ್ರಕಟವಾಗಿದೆ. ಒಂದು ವರ್ಷದ ನಂತರ ಮಾತಿಗೆ ಸಿಕ್ಕವರಲ್ಲಿ ಸುಮಾರು 40 ಶೇಕಡಾ ಜನ ಆ ದಾಖಲಾತಿ ಸರಿಯಾಗಿತ್ತು ಅಂದರು. ಹುಷಾರಾದ ಮೇಲೆ ಎಲ್ಲರೂ ನಮಗೆ ಕೈಮುಗಿಯುತ್ತಾರೆ ಎಂಬ ವೈದ್ಯರ ನಂಬಿಕೆಗೆ ಇದು ಏಟು. ಯಾರೂ ಒಪ್ಪುವುದಿಲ್ಲ ಎಂಬ ವಾದಕ್ಕೂ ಏಟು. 1990ರ ದಶಕದಲ್ಲಿ ಅಮೆರಿಕದ ಮೆಕಾರ್ಥರ್ ಅಧ್ಯಯನ ಇನ್ನೊಂದು ಸಂಗತಿ ಕಂಡಿತು: ತನ್ನ ಮಾತು ಕೇಳಿದರು, ಮೋಸ ಮಾಡಲಿಲ್ಲ, ಗೌರವದಿಂದ ನಡೆಸಿಕೊಂಡರು ಅನ್ನಿಸಿದ ರೋಗಿಗಳಿಗೆ ಬಲವಂತದ ಅನುಭವ ಕಡಿಮೆ, ಕಾನೂನಿನ ಪ್ರಕಾರ ಬಲವಂತವೇ ಆಗಿದ್ದರೂ ಸಹ.

ಈ ಮನೆಯಲ್ಲಿ ನಾನು ಕಂಡದ್ದೂ ಅದಕ್ಕೆ ಹತ್ತಿರ. ಆತನ ಎರಡು ನೆನಪುಗಳಲ್ಲಿ ಹಿಡಿದ ಕೈಗಳ ಬಲ ಒಂದೇ ಇದೆ, 2023ರಲ್ಲಿ ಬಹುಶಃ ಹೆಚ್ಚೇ. ಚುಚ್ಚುತ್ತಿರುವುದು ಎಸ್.ಪಿ. ಆಫೀಸಿನ ಸುಳ್ಳು, ಚಹಾದ ಹನಿ, ಹೇಳದೆ ಕೊಟ್ಟ ಸೂಜಿ. ಎರಡನೇ ಸಲ ರೋಗ ತನ್ನದೆಂಬ ಅರಿವು ಹೆಚ್ಚಿತ್ತು, ವಯಸ್ಸೂ ಆಗಿತ್ತು, ಔಷಧಿಯೂ ಒಗ್ಗಿತು. ಎಲ್ಲ ಶ್ರೇಯಸ್ಸನ್ನೂ ಮಾವನ ನಾಲ್ಕು ಮಾತಿಗೆ ಕೊಡಲಾಗದು. ಆದರೂ ಬಿಡುಗಡೆಯ ನಂತರ ಆತ ಔಷಧಿ ಬಿಡದಿರಲು ಕಾರಣ ಕೇಳಿದಾಗ ಮೊದಲು ಹೇಳಿದ್ದು, "ಏನ್ ಕೊಡತಾರ ಅಂತ ಹೇಳಿ ಕೊಡತಾರ."

ಈಗ

2023ರ ಬೇಸಿಗೆಯಲ್ಲಿ ಆತ ಒಂದು ಬಿಳಿ ಹಾಳೆಯ ಮೇಲೆ ಬರೆದು ಸಹಿ ಮಾಡಿ ಸೋದರಮಾವನನ್ನು ತನ್ನ ನಾಮನಿರ್ದೇಶಿತ ಪ್ರತಿನಿಧಿ ಎಂದು ನೇಮಿಸಿಕೊಂಡ. ಮುಂದೊಮ್ಮೆ ಆತ ನಿರ್ಧರಿಸಲಾಗದ ಸ್ಥಿತಿಗೆ ಬಂದರೆ ಸಹಿ ಮಾಡುವವನು ಮಾವ. ಅಣ್ಣನಿಗೆ ಇದು ಬಹಳ ನೋವು ಮಾಡಿತು. "ಖರ್ಚು ನಂದು, ಸಹಿ ಮಾಮಾಂದು" ಎಂದು ನಾಲ್ಕು ದಿನ ಮಾತಾಡಲಿಲ್ಲ.

ಮುಂಗಡ ನಿರ್ದೇಶನವನ್ನೂ ಬರೆಯುತ್ತಿದ್ದಾನೆ. ತನಗೆ ಎಂಥ ಚಿಕಿತ್ಸೆ ಬೇಕು, ಎಂಥದು ಬೇಡ ಎಂದು ಹುಷಾರಿದ್ದಾಗಲೇ ಬರೆದಿಡುವ ಹಕ್ಕು ಅದು. ಕರಡಿನಲ್ಲಿ ನಾಲ್ಕು ಮಾತಿವೆ: ಸುಳ್ಳು ಹೇಳಿ ಕರೆದೊಯ್ಯಬಾರದು, ಊಟ, ಚಹಾದಲ್ಲಿ ಔಷಧಿ ಹಾಕಬಾರದು, ಹ್ಯಾಲೊಪೆರಿಡಾಲ್ ಬೇಡ, ತನ್ನ ಬರಹ ಯಾರೂ ಸುಡಬಾರದು. ಕೊನೆಯದು ಕಾಯ್ದೆಯ ಯಾವ ಕಲಂಗೂ ಸೇರದು. ತೆಗೆಯಬೇಕಿಲ್ಲ ಎಂದೆ. ತುರ್ತು ಚಿಕಿತ್ಸೆಯ ಹೊತ್ತಿನಲ್ಲಿ ಈ ನಿರ್ದೇಶನ ಅನ್ವಯಿಸುವುದಿಲ್ಲ, ವೈದ್ಯರೋ ಮನೆಯವರೋ ಮಂಡಳಿಗೆ ಹೋಗಿ ಅದನ್ನು ಬದಲಿಸಲು ಕೇಳಬಹುದು ಎಂದೂ ತಿಳಿಸಿದ್ದೇನೆ. "ಅಂದ್ರ ಅರ್ಧಾ ಹಕ್ಕು," ಅಂದ. ಹೌದು, ಅರ್ಧ.

ತಾಯಿಯ ಕೈಯ ರೊಟ್ಟಿ ಈಗ ತಿನ್ನುತ್ತಾನೆ. ಚಹಾ ಇನ್ನೂ ತಾನೇ ಮಾಡಿಕೊಳ್ಳುತ್ತಾನೆ, ಕೆಲವೊಮ್ಮೆ ಅವಳಿಗೂ ಕೊಡುತ್ತಾನೆ.

ಸದ್ಯ ಮನೆಯಲ್ಲಿ ಜಗಳ ನಡೆದಿರುವುದು ತಿಂಗಳ ಸೂಜಿಯ ಮೇಲೆ. ಸೂಜಿಯಾದ ಮೊದಲ ವಾರ ಕೈ ಬಿಗಿದು ಮಗ್ಗದ ಮೇಲೆ ತುಂಡಾದ ಎಳೆ ಗಂಟು ಹಾಕಲು ಆಗುವುದಿಲ್ಲ, ಕೂಲಿ ಕಡಿಮೆಯಾಗುತ್ತದೆ. ಗುಳಿಗೆಗೆ ಬದಲಿಸಿ ಎಂದು ಆತ ಕೇಳುತ್ತಿದ್ದಾನೆ. ಗುಳಿಗೆಯಾದರೆ ಮತ್ತೆ ಬಿಡುತ್ತಾನೆ ಎಂದು ಅಣ್ಣ. ವೈದ್ಯರು ಪ್ರಮಾಣ ತಗ್ಗಿಸಿ ಮೂರು ತಿಂಗಳು ನೋಡೋಣ ಅಂದಿದ್ದಾರೆ. ಮುಂದಿನ ಭೇಟಿಗೆ ಮಾವನ ಜೊತೆ ಅಣ್ಣನೂ ಬರಬೇಕೆಂದು ಆತನೇ ಹೇಳಿಕಳಿಸಿದ್ದಾನೆ. ಅಣ್ಣ ಬರುತ್ತೇನೆಂದು ಇನ್ನೂ ಹೇಳಿಲ್ಲ.